ಹುಟ್ಟುಹಬ್ಬ ಎರಡು, ಕುದುರೆ ಒಂದೇ

ವಿಮಾನದಲ್ಲಿ ಕುದುರೆ ಸಾಗಿಸುವ ಕೆಲಸದ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಅದು. ಸರಕು ವಿಮಾನದಲ್ಲಿ ಕುದುರೆಗಳ ಪಕ್ಕದಲ್ಲೇ ಕೂತು, ಹುಲ್ಲಿನ ಬಲೆ ತುಂಬಿಸುತ್ತಾ, ನೀರು ಕುಡಿಸುತ್ತಾ, ಒಂದು ದೇಶದ ಲಾಯದಿಂದ ಇನ್ನೊಂದು ದೇಶದ ಲಾಯಕ್ಕೆ ಮುಟ್ಟಿಸುವುದು. ಓದಿದವರಿಂದ ರಾಶಿ ಪ್ರಶ್ನೆಗಳು ಬಂದಿವೆ. ಹೆಚ್ಚಿನವು ಒಂದೇ ಧಾಟಿಯವು: ಯಾವ ದೇಶದಲ್ಲಿ ಯಾವಾಗ ರೇಸು, ಅಲ್ಲಿನ ರೀತಿ ರಿವಾಜು ಏನು? ಯಾವ ಕುದುರೆ ಗೆಲ್ಲುತ್ತೆ ಅಂತ ಕೇಳಿದವರೂ ಮೂರು ಜನ ಇದ್ದಾರೆ. ಅದು ಗೊತ್ತಿದ್ದಿದ್ದರೆ ನಾನು ಇಪ್ಪತ್ತೆರಡು ವರ್ಷ ಲದ್ದಿ ಬಾಚುತ್ತಿರಲಿಲ್ಲ.

ಪ್ರಶ್ನೆ: ರೇಸಿನ ಸೀಸನ್ ಒಂದೊಂದು ದೇಶದಲ್ಲಿ ಒಂದೊಂದು ತಿಂಗಳಿಗೆ ಶುರುವಾಗುತ್ತೆ. ಎಲ್ಲರೂ ಕೂತು ಒಂದೇ ಕ್ಯಾಲೆಂಡರ್ ಮಾಡಿಕೊಳ್ಳಬಾರದಾ?

ಉತ್ತರ: ಮಾಡಿಕೊಳ್ಳಬಹುದು, ಆದರೆ ಕುದುರೆ ಒಪ್ಪಬೇಕಲ್ಲ. ಹೆಣ್ಣುಕುದುರೆ ಗರ್ಭ ಹೊರುವುದು ಸುಮಾರು ಹನ್ನೊಂದು ತಿಂಗಳು. ವಸಂತದಲ್ಲಿ ಹಗಲು ಉದ್ದವಾದಾಗ ಬೆದೆಗೆ ಬರುತ್ತೆ, ಮುಂದಿನ ವಸಂತಕ್ಕೆ ಮರಿ ಹಾಕುತ್ತೆ. ಭೂಮಿಯ ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ವಸಂತ ಬೇರೆ ಬೇರೆ. ಹಾಗಾಗಿ ಇಂಗ್ಲೆಂಡ್, ಅಮೆರಿಕ, ಜಪಾನ್‌ಗಳಲ್ಲಿ ಎಲ್ಲ ರೇಸ್ ಕುದುರೆಗಳ ಹುಟ್ಟುಹಬ್ಬ ಜನವರಿ 1. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆಗಸ್ಟ್ 1. ನಿಜವಾಗಿ ಹುಟ್ಟಿದ್ದು ಯಾವ ದಿನವಾದರೂ ಸರಿ, ಲೆಕ್ಕಕ್ಕೆ ಇದೇ. ಜನವರಿ 1ರ ದೇಶದಲ್ಲಿ ಡಿಸೆಂಬರ್ 31ರ ರಾತ್ರಿ ಮರಿ ಹುಟ್ಟಿತು ಅಂದರೆ ಯಜಮಾನ ತಲೆ ಮೇಲೆ ಕೈಹೊತ್ತು ಕೂರುತ್ತಾನೆ. ಮರುದಿನ ಬೆಳಗ್ಗೆ ಅದಕ್ಕೆ ಒಂದು ವರ್ಷ! ಮುಂದೆ ಓಡಬೇಕಾದದ್ದು ತನಗಿಂತ ಹತ್ತು, ಹನ್ನೊಂದು ತಿಂಗಳು ದೊಡ್ಡ ಕುದುರೆಗಳ ಜೊತೆ.

ಅದಕ್ಕೇ ತಳಿ ಸಾಕುವವರು ಮರಿ ವರ್ಷದ ಆರಂಭದಲ್ಲೇ ಹುಟ್ಟಲಿ ಅಂತ ಒಂದು ಉಪಾಯ ಮಾಡುತ್ತಾರೆ. ಚಳಿಗಾಲದ ಲಾಯದಲ್ಲಿ ದೀಪ ಉರಿಸಿಡುತ್ತಾರೆ. ಹಗಲು, ದೀಪ ಎರಡೂ ಸೇರಿ ದಿನಕ್ಕೆ ಹದಿನಾರು ಗಂಟೆ ಬೆಳಕು ಸಿಗುವಂತೆ ನೋಡಿಕೊಳ್ಳುತ್ತಾರೆ. ಎರಡು ತಿಂಗಳು ಹೀಗಾದರೆ ಕುದುರೆ ಇದೇ ವಸಂತ ಅಂದುಕೊಂಡುಬಿಡುತ್ತೆ. ಹೊರಗೆ ಹಿಮ, ಒಳಗೆ ಬಲ್ಬಿನ ಕೆಳಗೆ ಹಳೇ ರೋಮ ಉದುರಿಸಿಕೊಂಡು ನುಣ್ಣಗಾಗಿ ನಿಂತ ಹೆಣ್ಣುಕುದುರೆ. ಮೊದಲ ಸಲ ನೋಡಿದಾಗ ನನಗೆ ಪಾಪ ಅನ್ನಿಸಿತ್ತು.

ಎರಡು ಹುಟ್ಟುಹಬ್ಬದ ಫಜೀತಿ ಕುದುರೆ ದೇಶ ಬದಲಿಸಿದಾಗ ಗೊತ್ತಾಗುತ್ತೆ. 2018ರಲ್ಲಿ ಆಸ್ಟ್ರೇಲಿಯಾದ ದೊಡ್ಡ ರೇಸು ಮೆಲ್ಬರ್ನ್ ಕಪ್ ಗೆದ್ದ ಕ್ರಾಸ್ ಕೌಂಟರ್ ಇಂಗ್ಲೆಂಡಿನಲ್ಲಿ ತರಬೇತಾದ ಕುದುರೆ. ಅಲ್ಲಿನ ಲೆಕ್ಕಕ್ಕೆ ಅದಕ್ಕೆ ಮೂರು ವರ್ಷ, ಆಸ್ಟ್ರೇಲಿಯಾದ ಲೆಕ್ಕಕ್ಕೆ ನಾಲ್ಕು. ವಿಮಾನ ಹತ್ತಿ ಇಳಿಯುವಷ್ಟರಲ್ಲಿ ವಯಸ್ಸಾಗುವುದು ನಮಗಷ್ಟೇ ಅಲ್ಲ ನೋಡಿ.

ಇನ್ನುಳಿದದ್ದು ಹವೆ. ದುಬೈಯಲ್ಲಿ ಬೇಸಿಗೆಗೆ ಕುದುರೆ ಓಡಿಸಲು ಆಗುವುದಿಲ್ಲ, ಚಳಿಗಾಲದ ತಿಂಗಳುಗಳೇ ಸೀಸನ್, ಮಾರ್ಚ್ ಕೊನೆಗೆ ದುಬೈ ವರ್ಲ್ಡ್ ಕಪ್. ಹಾಂಗ್‌ಕಾಂಗ್ ಸೆಪ್ಟೆಂಬರಿನಲ್ಲಿ ಶುರು ಮಾಡಿ ಜುಲೈ ಮಧ್ಯಕ್ಕೆ ಬೀಗ ಹಾಕುತ್ತೆ. ಜಪಾನಿನವರು ನಿಲ್ಲಿಸುವುದಿಲ್ಲ, ಸೆಕೆ ಏರಿದಾಗ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ, ಸಪ್ಪೊರೊ ಮತ್ತು ಹಕೊಡಾಟೆಯಲ್ಲಿ ಓಡಿಸುತ್ತಾರೆ. ಇಂಗ್ಲೆಂಡಿನದು ಇನ್ನೊಂದು ಜಾಣತನ. ಬೇಸಿಗೆಯಲ್ಲಿ ಸಪಾಟು ಹುಲ್ಲಿನ ರೇಸು. ಚಳಿಗಾಲದ ಮಳೆಗೆ ನೆಲ ಮೆತ್ತಗಾದಾಗ ಬೇಲಿ ಹಾರುವ ರೇಸು. ಮೇಲಿಂದ ಧುಮುಕಿದ ಕುದುರೆಯ ಕಾಲಿಗೆ ಗಟ್ಟಿ ನೆಲಕ್ಕಿಂತ ಮೆತ್ತನೆಯ ನೆಲ ಒಳ್ಳೆಯದು.

ಪ್ರಶ್ನೆ: ವಾರದಲ್ಲಿ ರೇಸಿಗೆ ಇಂಥದೇ ದಿನ ಅಂತ ಇದೆಯಾ? ಭಾನುವಾರ ತಾನೇ?

ಉತ್ತರ: ಇಲ್ಲ. ಈ ವಿಷಯದಲ್ಲಿ ನಾನೇ ಮೋಸ ಹೋಗಿದ್ದೇನೆ. ಹಾಂಗ್‌ಕಾಂಗಿಗೆ ಮೊದಲ ಸಲ ಹೋದಾಗ ಶನಿವಾರ ರಾತ್ರಿ ಹ್ಯಾಪಿ ವ್ಯಾಲಿಯ ಗೇಟಿನ ಮುಂದೆ ಹೋಗಿ ನಿಂತೆ. ಕತ್ತಲು. ಅಲ್ಲಿ ರೇಸು ಸಾಮಾನ್ಯವಾಗಿ ಬುಧವಾರ ರಾತ್ರಿ ಅಂತ ಆಮೇಲೆ ತಿಳಿಯಿತು. ವಾರಾಂತ್ಯದ ಹಗಲು ರೇಸು ನಡೆಯುವುದು ಶಾ ಟಿನ್ ಎಂಬ ಇನ್ನೊಂದು ಮೈದಾನದಲ್ಲಿ. ಮುಂದಿನ ಬುಧವಾರದವರೆಗೂ ಉಳಿದು ನೋಡಿದೆ. ಸುತ್ತಲೂ ಗೋಡೆಯಂತೆ ಎದ್ದ ಅಪಾರ್ಟ್‌ಮೆಂಟುಗಳು, ನಡುವೆ ದೀಪದ ಬೆಳಕಲ್ಲಿ ಹಸಿರು ಉಂಗುರ, ಉಂಗುರದ ಒಳಗೆ ಫುಟ್‌ಬಾಲ್ ಮೈದಾನ. ಎತ್ತರದ ಒಂದು ಬಾಲ್ಕನಿಯಲ್ಲಿ ಒಬ್ಬಾಕೆ ಬಟ್ಟೆ ಒಣಹಾಕುತ್ತಿದ್ದರು. ಕುದುರೆಗಳು ಕೊನೆಯ ತಿರುವಿಗೆ ಬಂದಾಗ ಮಾತ್ರ ಕೈಯಲ್ಲಿದ್ದ ಅಂಗಿ ಹಾಗೇ ಹಿಡಿದು ನಿಂತು ನೋಡಿದರು. 1846ರಿಂದ ಅಲ್ಲಿ ರೇಸು ನಡೆಯುತ್ತಿದೆ, ಊರೇ ಅದರ ಸುತ್ತ ಬೆಳೆದುಕೊಂಡಿದೆ.

ಜಪಾನಿನಲ್ಲಿ ರಾಷ್ಟ್ರಮಟ್ಟದ ರೇಸುಗಳು ಹೆಚ್ಚಾಗಿ ಶನಿವಾರ, ಭಾನುವಾರ. ಸ್ಥಳೀಯ ಆಡಳಿತಗಳು ನಡೆಸುವ ಚಿಕ್ಕ ರೇಸುಗಳು ಜಾಸ್ತಿ ವಾರದ ದಿನಗಳಲ್ಲಿ. ಫ್ರಾನ್ಸಿಗೆ ಭಾನುವಾರವೇ ದೊಡ್ಡದು. ಅಲ್ಲಿನ ದೊಡ್ಡ ರೇಸು, ಆರ್ಕ್ ದ ತ್ರಿಯೋಂಫ್ ಬಹುಮಾನದ್ದು, ಅಕ್ಟೋಬರ್ ಮೊದಲ ಭಾನುವಾರ. ಇಂಗ್ಲೆಂಡಿನಲ್ಲಿ ಭಾನುವಾರ ದೇವರ ದಿನ ಅಂತ 1992ರವರೆಗೂ ರೇಸೇ ಇರಲಿಲ್ಲ. ಆ ವರ್ಷ ಡಾಂಕ್ಯಾಸ್ಟರಿನಲ್ಲಿ ಮೊದಲ ಭಾನುವಾರದ ರೇಸು ಆಯಿತು, ಆದರೆ ಬೆಟ್ಟಿಂಗ್‌ಗೆ ಕಾನೂನು ಅಡ್ಡ. ಅಂದರೆ ಜನ ಬಂದು ಸುಮ್ನೆ ಕುದುರೆ ನೋಡಿ ಹೋದರು! ಭಾನುವಾರದ ಬೆಟ್ಟಿಂಗ್‌ಗೆ ಅನುಮತಿ ಸಿಕ್ಕಿದ್ದು 1995ರಲ್ಲಿ. ಎಪ್ಸಮ್‌ನ ಡರ್ಬಿ ಎಂಬ ಹೆಸರಾಂತ ರೇಸು ಬುಧವಾರದಿಂದ ಶನಿವಾರಕ್ಕೆ ಹೋದದ್ದೂ ಅದೇ ವರ್ಷ. ಹತ್ತೊಂಬತ್ತನೇ ಶತಮಾನದಲ್ಲಿ ಡರ್ಬಿ ದಿನ ಬ್ರಿಟಿಷ್ ಪಾರ್ಲಿಮೆಂಟಿಗೇ ರಜೆ ಕೊಡುತ್ತಿದ್ದರು. ಬುಧವಾರ ಯಾಕೆ ಬಿಟ್ಟರು, ಶನಿವಾರ ಯಾಕೆ ಮಾಡಿದರು ಅಂತ ಹಳಬರು ಈಗಲೂ ಗೊಣಗುತ್ತಾರೆ.

ಪ್ರಶ್ನೆ: ಟೀವಿಯಲ್ಲಿ ನೋಡುವಾಗ ಕೆಲವು ಕಡೆ ಕುದುರೆಗಳು ಗಡಿಯಾರದ ಮುಳ್ಳಿನಂತೆ ಸುತ್ತುತ್ತವೆ, ಕೆಲವು ಕಡೆ ಉಲ್ಟಾ. ಇದಕ್ಕೇನಾದರೂ ನಿಯಮ ಇದೆಯಾ?

ಉತ್ತರ: ಅಮೆರಿಕದಲ್ಲಿ ಎಲ್ಲ ಕಡೆ ಎಡಕ್ಕೆ ತಿರುಗುತ್ತವೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕೆಂಟಕಿಯ ವಿಲಿಯಂ ವಿಟ್ಲಿ ಎಂಬಾತ ಬ್ರಿಟಿಷರ ಮೇಲಿನ ಸಿಟ್ಟಿಗೆ ಹುಲ್ಲಿನ ಬದಲು ಮಣ್ಣಿನ ಟ್ರ್ಯಾಕ್ ಮಾಡಿ, ಎಡಕ್ಕೆ ಓಡಿಸಿದ ಅಂತ ಕತೆ ಹೇಳುತ್ತಾರೆ. ಕತೆ ಚೆನ್ನಾಗಿದೆ, ಆದರೆ ಬ್ರಿಟಿಷರದ್ದೇ ಎಪ್ಸಮ್ ಎಡಕ್ಕೆ ತಿರುಗುತ್ತೆ, ಆಸ್ಕಟ್ ಬಲಕ್ಕೆ. ವಿಂಡ್ಸರಿನದು ಇಂಗ್ಲಿಷ್ ಎಂಟರ ಆಕಾರ, ಎರಡೂ ಕಡೆ ತಿರುಗಬೇಕು. ಆಸ್ಟ್ರೇಲಿಯಾದಲ್ಲಿ ರಾಜ್ಯಕ್ಕೊಂದು ದಿಕ್ಕು: ಮೆಲ್ಬರ್ನಿನಲ್ಲಿ ಎಡ, ಸಿಡ್ನಿಯಲ್ಲಿ ಬಲ. ಟೋಕಿಯೋ ಎಡ, ಅದರ ಪಕ್ಕದ ನಕಯಾಮ ಬಲ.

ಮನುಷ್ಯರಿಗೆ ಇದು ತಮಾಷೆ, ಕುದುರೆಗೆ ಅಲ್ಲ. ನಾಗಾಲೋಟದಲ್ಲಿ ಕುದುರೆಯ ಮುಂಗಾಲುಗಳಲ್ಲಿ ಒಂದು ಇನ್ನೊಂದಕ್ಕಿಂತ ಮುಂದೆ ಚಾಚುತ್ತೆ. ಎಡ ತಿರುವಿನಲ್ಲಿ ಎಡಗಾಲು ಮುಂದಿರಬೇಕು, ಬಲ ತಿರುವಿನಲ್ಲಿ ಬಲಗಾಲು. ವರ್ಷಗಟ್ಟಲೆ ಒಂದೇ ಕಡೆ ತಿರುಗಿದ ಕುದುರೆಯನ್ನು ಇನ್ನೊಂದು ದಿಕ್ಕಿನ ಊರಿಗೆ ಒಯ್ದರೆ ಎಡಗೈಯಲ್ಲಿ ಸಹಿ ಹಾಕಿಸಿದಂತೆ. ಬಲಕ್ಕೇ ಓಡಿ ರೂಢಿಯಾದ ಒಂದು ಕಂದು ಗಂಡುಕುದುರೆಯನ್ನು ನಾನು ಎಡದ ಊರಿಗೆ ಮುಟ್ಟಿಸಿದ್ದೆ. ಮೊದಲ ದಿನದ ತಾಲೀಮಿನಲ್ಲಿ ಅದು ತಿರುವು ಬಂದಾಗಲೆಲ್ಲ ಹೊರಗಿನ ಬೇಲಿಯ ಕಡೆಗೇ ಹೋಗುತ್ತಿತ್ತು. ಸವಾರನ ಬೈಗುಳ ಅಕ್ಕಪಕ್ಕದ ಲಾಯಕ್ಕೂ ಕೇಳಿಸಿತು. ಜೊತೆಗೆ ಅದು ಅಲ್ಲಿನ ನೀರನ್ನೂ ಮೂಸಿ ಬಿಟ್ಟುಬಿಟ್ಟಿತ್ತು. ರುಚಿ ಬೇರೆ ಅಂತ ಕುದುರೆಗಳು ಹೀಗೆ ಹಟ ಮಾಡುವುದುಂಟು. ಬಕೆಟ್ಟಿಗೆ ಸ್ವಲ್ಪ ಸೇಬಿನ ರಸ ಬೆರೆಸಿದ ಮೇಲೆ ಕುಡಿಯಿತು. ತಿರುವಿಗೆ ಮಾತ್ರ ಸೇಬಿನ ರಸ ನಡೆಯಲಿಲ್ಲ, ಮೂರು ವಾರ ಹಿಡಿಯಿತು.

ಪ್ರಶ್ನೆ: ರೇಸಿಗೆ ಹೋಗುವವರು ಅಷ್ಟು ದೊಡ್ಡ ದೊಡ್ಡ ಹ್ಯಾಟ್ ಹಾಕುತ್ತಾರಲ್ಲ, ಅದು ಶೋಕಿಯಾ, ಕಡ್ಡಾಯವಾ?

ಉತ್ತರ: ಎಲ್ಲಿ ನಿಲ್ಲುತ್ತೀರಿ ಅನ್ನುವುದರ ಮೇಲೆ ಹೋಗುತ್ತೆ. ಜೂನ್‌ನಲ್ಲಿ ಐದು ದಿನ ನಡೆಯುವ ರಾಯಲ್ ಆಸ್ಕಟ್‌ನ ರಾಜಮನೆತನದ ಆವರಣಕ್ಕೆ ಹೋಗುವುದಾದರೆ ಕಡ್ಡಾಯ. ಗಂಡಸರಿಗೆ ಎತ್ತರದ ಟಾಪ್ ಹ್ಯಾಟ್. ಹೆಂಗಸರು ಪೂರ್ತಿ ಹ್ಯಾಟ್ ಬೇಡವೆಂದರೆ ತಲೆಗೆ ಸಿಕ್ಕಿಸುವ ಅಲಂಕಾರದ ತಳವಾದರೂ ಕನಿಷ್ಠ ನಾಲ್ಕು ಇಂಚು ಇರಬೇಕು. ಮಧ್ಯಾಹ್ನ ಎರಡಕ್ಕೆ ಕುದುರೆ ಗಾಡಿಗಳಲ್ಲಿ ರಾಜಮನೆತನದವರು ಬರುತ್ತಾರೆ, ಆಮೇಲೇ ರೇಸು. ಎರಡನೇ ಎಲಿಜಬೆತ್ ರಾಣಿ ಇದ್ದಾಗ ಅವರ ಹ್ಯಾಟಿನ ಬಣ್ಣ ಯಾವುದು ಅಂತಲೂ ಜನ ಬಾಜಿ ಕಟ್ಟುತ್ತಿದ್ದರು.

ಮೆಲ್ಬರ್ನಿನಲ್ಲೂ ಒಂದು ಡರ್ಬಿ ಇದೆ. 1965ರಲ್ಲಿ ಆ ದಿನ ಮಾಡೆಲ್ ಜೀನ್ ಶ್ರಿಂಪ್ಟನ್ ಮೊಣಕಾಲಿಗಿಂತ ಮೇಲಿನ ಬಿಳಿ ಫ್ರಾಕ್ ತೊಟ್ಟು ಬಂದರು. ಹ್ಯಾಟ್ ಇಲ್ಲ, ಗ್ಲೌಸ್ ಇಲ್ಲ, ಕಾಲಿಗೆ ಸ್ಟಾಕಿಂಗ್ಸ್ ಇಲ್ಲ. ಅವತ್ತು ಗೆದ್ದ ಕುದುರೆಯ ಹೆಸರು ಯಾರಿಗೆ ನೆನಪಿದೆ? ಫ್ರಾಕಿನ ಗಲಾಟೆ ಮಾತ್ರ ಇನ್ನೂ ಮಾತಾಡುತ್ತಾರೆ.

ನನಗೆ ಹ್ಯಾಟಿಗಿಂತ ಇಷ್ಟವಾದ ಅಲಂಕಾರ ಕುದುರೆಯದ್ದು. ಬ್ರಿಟನ್ನಿನಲ್ಲಿ ರೇಸಿಗೆ ಮುಂಚೆ ಚೆನ್ನಾಗಿ ಸಿಂಗರಿಸಿದ ಕುದುರೆಯನ್ನು ಆರಿಸಿ, ಅದನ್ನು ನೋಡಿಕೊಳ್ಳುವವರಿಗೆ ಚಿಕ್ಕದೊಂದು ಬಹುಮಾನ ಕೊಡುತ್ತಾರೆ. ಟ್ರೇನರಿಗಲ್ಲ, ಮಾಲೀಕರಿಗಲ್ಲ, ಲಾಯದ ಕೆಲಸದವರಿಗೆ. ಕುದುರೆಯ ಹಿಂಭಾಗವನ್ನು ಒದ್ದೆ ಬ್ರಷ್‌ನಿಂದ ಒಂದು ಕಡೆಗೆ ಉಜ್ಜಿ, ತುಂಡು ಬಾಚಣಿಗೆಯಿಂದ ಚೌಕ ಚೌಕವಾಗಿ ರೋಮವನ್ನು ಅಡ್ಡ ಬಾಚಬೇಕು. ಬೆಳಕು ಬಿದ್ದಾಗ ಚದುರಂಗದ ಮಣೆಯ ಹಾಗೆ ಹೊಳೆಯುತ್ತೆ. ಒಂದು ಹುಡುಗಿ ಅರ್ಧ ಗಂಟೆ ಕೂತು ಬಾಚಿದ್ದನ್ನು ಕುದುರೆ ಒಂದೇ ಸಲ ಬಾಲ ಬೀಸಿ ಅಳಿಸಿಹಾಕಿದ್ದನ್ನೂ ನೋಡಿದ್ದೇನೆ. ಆಕೆ ಬಯ್ಯಲಿಲ್ಲ. ಜೇಬಿನಿಂದ ಬಾಚಣಿಗೆ ತೆಗೆದಳು, ಮತ್ತೆ ಶುರು ಮಾಡಿದಳು.

ಪ್ರಶ್ನೆ: ಬಾಜಿ ಇಲ್ಲದ ರೇಸು ಇದೆಯಾ? (ನಾನು ಶಾಲಾ ಮೇಷ್ಟ್ರು, ಬಾಜಿಗೆ ವಿರೋಧಿ.)

ಉತ್ತರ: ಇದೆ ಮೇಷ್ಟ್ರೇ. ದುಬೈಯ ಮೇದಾನ್ ಮೈದಾನದಲ್ಲಿ ನಾನು ನೋಡಿದ ರೇಸುಗಳಿಗೆ ಬಾಜಿಯ ಕೌಂಟರೇ ಇರಲಿಲ್ಲ. ಗೆಲ್ಲುವ ಕುದುರೆಗಳನ್ನು ಊಹಿಸಿ ಬರೆದುಕೊಡುವ ಸ್ಪರ್ಧೆ ಇತ್ತು, ಅದಕ್ಕೆ ದುಡ್ಡು ಕೊಡಬೇಕಿರಲಿಲ್ಲ. ಫ್ರಾನ್ಸಿನಲ್ಲಿ ಬಾಜಿ ಉಂಟು, ಬುಕ್ಕಿಗಳಿಲ್ಲ. ಎಲ್ಲರ ಹಣವೂ ಒಂದೇ ಹುಂಡಿಗೆ, ಗೆದ್ದವರಿಗೆ ಅದರಲ್ಲೇ ಪಾಲು. ಬ್ರಿಟನ್ನಿನಲ್ಲಿ ಬುಕ್ಕಿಗಳು ಮೈದಾನದಲ್ಲೇ ಸಾಲಾಗಿ ನಿಂತು ಕೂಗುತ್ತಾರೆ. ಒಂದು ಮಾತು ನನ್ನ ಕಡೆಯಿಂದಲೂ ಇರಲಿ: ಲಾಯದಲ್ಲಿ ಕೆಲಸ ಮಾಡಿದವರಲ್ಲಿ ಬಾಜಿಯಿಂದ ಮನೆ ಕಟ್ಟಿದವರನ್ನು ನಾನು ನೋಡಿಲ್ಲ, ಕೈಸುಟ್ಟುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ಜಪಾನಿನಲ್ಲಿ ಸೋಲುವ ಕುದುರೆಗೇ ಅಭಿಮಾನಿಗಳಿದ್ದರಂತೆ, ನಿಜವಾ?

ಉತ್ತರ: ನಿಜ. ಹಾರು ಉರಾರಾ ಅಂತ ಹೆಸರು, ಕೋಚಿ ಎಂಬ ಊರಿನ ಹೆಣ್ಣುಕುದುರೆ. 113 ರೇಸು ಓಡಿತು, ಒಂದನ್ನೂ ಗೆಲ್ಲಲಿಲ್ಲ. 2004ರ ಮಾರ್ಚಿನಲ್ಲಿ ದೇಶದ ಹೆಸರಾಂತ ಜಾಕಿ ಯುಟಾಕ ತಾಕೆ ಅದನ್ನು ಏರಿದರು. ಹನ್ನೊಂದು ಕುದುರೆಗಳಲ್ಲಿ ಹತ್ತನೆಯದಾಗಿ ಬಂತು. ಜನ ಅದರ ಸೋತ ಟಿಕೆಟ್ಟುಗಳನ್ನು ಎಸೆಯದೆ ಇಟ್ಟುಕೊಂಡರು. ಬಾಜಿ ಹತ್ತಲಿಲ್ಲ ಅನ್ನುವುದಕ್ಕೂ ಡಿಕ್ಕಿ ಹೊಡೆಯಲಿಲ್ಲ ಅನ್ನುವುದಕ್ಕೂ ಅಲ್ಲಿ ಒಂದೇ ಮಾತು, ‘ಅತಾರನೈ’. ಹಾಗಾಗಿ ಆ ಟಿಕೆಟ್ ವಾಹನ ಅಪಘಾತದಿಂದ ಕಾಯುವ ತಾಯಿತವಾಯಿತು! ಮುಚ್ಚುವ ಸ್ಥಿತಿಗೆ ಬಂದಿದ್ದ ಕೋಚಿಯ ಮೈದಾನಕ್ಕೂ ಅದರಿಂದ ಜೀವ ಬಂತು.

ಜಪಾನಿನ ರೇಸು ನೋಡುವುದೇ ಒಂದು ಅನುಭವ. ಕುದುರೆಗಳನ್ನು ಸುತ್ತಾಡಿಸುವ ಜಾಗದಲ್ಲಿ ಸಾವಿರಾರು ಜನ ಇದ್ದರೂ ಸದ್ದಿಲ್ಲ, ಕೆಂಪು ಪೆನ್ಸಿಲ್ ಹಿಡಿದು ಪೇಪರಿನಲ್ಲಿ ಗುರುತು ಹಾಕುತ್ತಿರುತ್ತಾರೆ. ದೊಡ್ಡ ರೇಸಿಗೆ ಮುಂಚೆ ಕಹಳೆ ಮೊಳಗಿದಾಗ ಮಾತ್ರ ಅದೇ ಪೇಪರನ್ನು ಸುತ್ತಿ ತಾಳ ಹಾಕುತ್ತಾರೆ. ವರ್ಷದ ಕೊನೆಯ ಅರಿಮಾ ಕಿನೆನ್ ರೇಸಿಗೆ ಹೆಚ್ಚಿನ ಕುದುರೆಗಳನ್ನು ಆರಿಸುವುದೇ ಜನರ ಮತದಿಂದ. ಜಾಕಿಗಳನ್ನು ಹಿಂದಿನ ಸಂಜೆಯೇ ಒಂದು ವಸತಿಗೆ ಸೇರಿಸಿಬಿಡುತ್ತಾರೆ, ಹೊರಗಿನವರ ಜೊತೆ ಮಾತಿಲ್ಲ, ಫೋನಿಲ್ಲ.

ನಾನು ಅಲ್ಲಿ ಪೆಚ್ಚಾದದ್ದೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಜೀನಿನ ಕೆಳಗಿನ ಬಟ್ಟೆಯ ಬಣ್ಣ ನೋಡಿ ನಂಬರ್ ಹೇಳಬಹುದು: ಒಂದು ಕೆಂಪು, ಎರಡು ಬಿಳಿ, ಮೂರು ನೀಲಿ. ಅದು ನನಗೆ ಬಾಯಿಪಾಠ. ಟೋಕಿಯೋದಲ್ಲಿ ಒಂದನೇ ನಂಬರಿನ ಮೇಲೆ ಸಾವಿರ ಯೆನ್ ಕಟ್ಟಿದೆ. ಕೆಂಪು ಟೋಪಿಯ ಜಾಕಿ ಮುಂದೆ ಬಂದ. ಕುಣಿದೆ, ಕೂಗಿದೆ. ಪಕ್ಕದ ಅಜ್ಜ ನನ್ನ ಟಿಕೆಟ್ ಇಣುಕಿ ನೋಡಿ, ತನ್ನ ಪೇಪರಿನ ಅಂಚಿಗೆ ಪೆನ್ಸಿಲ್ ಇಟ್ಟು ತೋರಿಸಿದರು. ಜಪಾನಿನಲ್ಲಿ ಕುದುರೆಗಳನ್ನು ನಂಬರಿನ ಪ್ರಕಾರ ಗುಂಪು ಮಾಡಿ, ಜಾಕಿಯ ಟೋಪಿಗೆ ಗುಂಪಿಗೊಂದು ಬಣ್ಣ: ಒಂದನೇ ಗುಂಪು ಬಿಳಿ, ಎರಡು ಕಪ್ಪು, ಕೆಂಪು ಮೂರನೆಯದು. ನನ್ನ ಬಿಳಿ ಟೋಪಿ ಆಗ ತಾನೇ ಕೊನೆಯವರ ಜೊತೆ ಬರುತ್ತಿತ್ತು. ಅಜ್ಜ ನಗಲಿಲ್ಲ, ತಮ್ಮ ಡಬ್ಬಿಯಿಂದ ಒಂದು ಅನ್ನದ ಉಂಡೆ ಕೊಟ್ಟರು.

ಪ್ರಶ್ನೆ: ನೀವು ಕಂಡ ಅತಿ ವಿಚಿತ್ರ ವೇಳಾಪಟ್ಟಿ ಯಾವುದು?

ಉತ್ತರ: ಐರ್ಲೆಂಡಿನ ಲೇಟೌನ್. ಸೆಪ್ಟೆಂಬರಿನಲ್ಲಿ ಸಮುದ್ರದ ದಂಡೆಯ ಮೇಲೆ ರೇಸು. ಟೈಮ್ ನಿಗದಿ ಮಾಡುವುದು ಉಬ್ಬರ ಇಳಿತ. ನೀರು ಹಿಂದೆ ಸರಿದ ಮೇಲೆ ಕಂಬ ನೆಟ್ಟು, ಬೇಲಿ ಕಟ್ಟಿ, ಒದ್ದೆ ಮರಳಿನ ಮೇಲೆ ಓಡಿಸಿ, ನೀರು ವಾಪಸ್ ಬರುವುದರೊಳಗೆ ಮುಗಿಸಬೇಕು. ತಡ ಮಾಡಿದರೆ ಯಾರ ಹತ್ತಿರವೂ ದೂರುವಂತಿಲ್ಲ. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ ಫೆಬ್ರವರಿಯಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಓಡಿಸುತ್ತಾರೆ, 1907ರಿಂದ. ಅಲ್ಲಿ ಯಜಮಾನಿಕೆ ಮಂಜುಗಡ್ಡೆಯದು. ಗಟ್ಟಿಯಾಗದಿದ್ದರೆ ರೇಸು ರದ್ದು.

ಇಟಲಿಯ ಸಿಯೆನಾದಲ್ಲಿ ಜುಲೈ 2, ಆಗಸ್ಟ್ 16, ವರ್ಷಕ್ಕೆ ಎರಡೇ ಸಲ. ಊರ ಚೌಕದಲ್ಲಿ ಮೂರು ಸುತ್ತು, ಜೀನಿಲ್ಲದ ಸವಾರಿ, ಒಂದೂವರೆ ನಿಮಿಷದೊಳಗೆ ಮುಗಿದುಹೋಗುತ್ತೆ. ಹದಿನೇಳು ಕೇರಿಗಳಲ್ಲಿ ಹತ್ತಕ್ಕೆ ಅವಕಾಶ, ಯಾವ ಕುದುರೆ ಯಾವ ಕೇರಿಗೆ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಸವಾರ ಬಿದ್ದರೂ ಕುದುರೆ ಮೊದಲು ಬಂದರೆ ಗೆಲುವೇ. ಓಟಕ್ಕೆ ಮುಂಚೆ ಕುದುರೆಯನ್ನು ಕೇರಿಯ ಚರ್ಚಿನೊಳಗೆ ಕರೆದೊಯ್ದು ಆಶೀರ್ವಾದ ಮಾಡಿಸುತ್ತಾರೆ. ಅಲ್ಲಿ ಅದು ಲದ್ದಿ ಹಾಕಿದರೆ ಶುಭ ಶಕುನ. ನನ್ನ ಕೆಲಸಕ್ಕೆ ಮರ್ಯಾದೆ ಇರುವ ಊರು ಒಂದಾದರೂ ಇದೆ ಅಂತ ಸಮಾಧಾನ.

ಮಂಗೋಲಿಯಾದ ನಾದಮ್ ಹಬ್ಬ ಜುಲೈ 11ರಿಂದ. ಬಯಲಲ್ಲಿ ಹತ್ತಾರು ಕಿಲೋಮೀಟರ್ ಓಟ, ಸವಾರರು ಪುಟ್ಟ ಮಕ್ಕಳು. ಮಕ್ಕಳನ್ನು ಹತ್ತಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಎರಡು ವರ್ಷದ ಕುದುರೆಗಳ ಓಟದಲ್ಲಿ ಕೊನೆಗೆ ಬಂದದ್ದಕ್ಕೆ ‘ತುಂಬಿದ ಹೊಟ್ಟೆ’ ಅಂತ ಬಿರುದು ಕೊಟ್ಟು, ಮುಂದಿನ ಸಲ ಗೆಲ್ಲು ಅಂತ ಹಾಡಿ ಹರಸುವ ಪದ್ಧತಿ ಇದೆ. ಅದನ್ನು ಎಲ್ಲ ದೇಶದವರೂ ಕಲಿತರೆ ನಷ್ಟವೇನಿಲ್ಲ.

ಪ್ರಶ್ನೆ: ಸಿಂಗಪುರದಲ್ಲಿ ರೇಸು ಯಾವ ತಿಂಗಳು?

ಉತ್ತರ: ಇನ್ನಿಲ್ಲ. 1843ರಲ್ಲಿ ಶುರುವಾದದ್ದು, 2024ರ ಅಕ್ಟೋಬರ್ 5ಕ್ಕೆ ಕೊನೆಯ ರೇಸು ಓಡಿಸಿ ಮುಚ್ಚಿದರು. ಮಕಾವಿನಲ್ಲೂ ಅದೇ ವರ್ಷ ಮಾರ್ಚಿನಲ್ಲಿ ನಿಂತಿತು.

ಪ್ರಶ್ನೆ: ಮಗಳು ಮೆಲ್ಬರ್ನಿನಲ್ಲಿದ್ದಾಳೆ. ನವೆಂಬರಿನಲ್ಲಿ ಹೋಗುತ್ತಿದ್ದೇನೆ. ಕಪ್ ನೋಡಬಹುದಾ? ಏನು ಎಚ್ಚರ ಬೇಕು?

ಉತ್ತರ: ಖಂಡಿತ ನೋಡಿ ತಾಯಿ. ನವೆಂಬರ್ ಮೊದಲ ಮಂಗಳವಾರ, ಫ್ಲೆಮಿಂಗ್ಟನ್ ಮೈದಾನ. ಅವತ್ತು ಮೆಲ್ಬರ್ನಿಗೆ ಸರ್ಕಾರಿ ರಜೆ. ರಜೆ ಇಲ್ಲದ ಊರುಗಳಲ್ಲೂ ಆಫೀಸಿನವರು ಕೆಲಸ ಬಿಟ್ಟು ಟೀವಿ ಮುಂದೆ ಸೇರುತ್ತಾರೆ. ಮಗಳ ಆಫೀಸಿನಲ್ಲಿ ಚೀಟಿ ಎತ್ತುವ ಆಟ ಇರುತ್ತೆ. ಎಲ್ಲರೂ ಒಂದಿಷ್ಟು ಚಿಲ್ಲರೆ ಹಾಕಿ, ಟೋಪಿಯಿಂದ ಒಂದೊಂದು ಕುದುರೆಯ ಹೆಸರು ಎತ್ತುವುದು. ಸೇರಿಕೊಳ್ಳಿ, ಕುದುರೆಯ ಗಂಧಗಾಳಿ ಇಲ್ಲದವರೇ ಅದರಲ್ಲಿ ಜಾಸ್ತಿ ಗೆಲ್ಲುವುದು. 2015ರಲ್ಲಿ ಒಂದಕ್ಕೆ ನೂರರ ದರವಿದ್ದ ಪ್ರಿನ್ಸ್ ಆಫ್ ಪೆನ್ಜಾನ್ಸ್ ಗೆದ್ದಿತ್ತು. ಅದರ ಮೇಲಿದ್ದ ಮಿಷೆಲ್ ಪೇನ್ ಆ ಕಪ್ ಗೆದ್ದ ಮೊದಲ ಮಹಿಳಾ ಜಾಕಿ.

ಬಿಸಿಲು, ಮಳೆ, ಗಾಳಿ ಮೂರೂ ಒಂದೇ ಮಧ್ಯಾಹ್ನ ಬರಬಹುದು. ಹ್ಯಾಟಿಗೆ ಗಲ್ಲದ ಕೆಳಗೆ ಕಟ್ಟುವ ದಾರ ಇರಲಿ. ಹೀಲ್ಸ್ ಬೇಡ, ಹುಲ್ಲಿನಲ್ಲಿ ಹೂತುಹೋಗುತ್ತೆ. ಎಲ್ಲಕ್ಕಿಂತ ಮುಖ್ಯ: ರೇಸು ಮೂರು ಗಂಟೆಗೆ. ಎರಡೂವರೆ ಆದ ಮೇಲೆ ಶೌಚಾಲಯದ ಸಾಲಿಗೆ ಹೋಗಿ ನಿಲ್ಲಬೇಡಿ. ನಾನು ನಿಂತಿದ್ದೆ. ಇಂಗ್ಲೆಂಡಿನಿಂದ ನಾನೇ ಹುಲ್ಲು ನೀರು ಕೊಟ್ಟು ಕರೆತಂದಿದ್ದ ಕುದುರೆ ಅವತ್ತು ಓಡುತ್ತಿತ್ತು. ಮೂರೂವರೆ ನಿಮಿಷವೂ ಇಲ್ಲದ ರೇಸು. ಗೋಡೆಯ ಆಚೆ ಜನರ ಕೂಗು ಏರಿತು, ಇಳಿಯಿತು, ಮುಗಿಯಿತು. ನನ್ನ ಮುಂದೆ ಇನ್ನೂ ನಾಲ್ಕು ಜನ ಇದ್ದರು.